ಎದೆ ಹಿಡಿದಾಗ ಯಾರ ಅಪ್ಪಣೆಗೂ ಕಾಯಬೇಡಿ

ಆಲಮೇಲದ ನನ್ನ ಮಕ್ಕಳೇ, ಹಿರಿಯರ ಮಾತು ಮೀರಬಾರದು ಎಂದೇ ನಿಮ್ಮನ್ನು ಬೆಳೆಸಿದ್ದೇವೆ. ಒಂದು ಹೊತ್ತಿನಲ್ಲಿ ಮಾತ್ರ ಮೀರಿ. ಅಪ್ಪ ಎದೆ ಹಿಡಿದು ಕೂತು, "ಏನಿಲ್ಲೋ, ಗ್ಯಾಸ್ ಆಗೇದ, ಒಂದು ಸೋಡಾ ತಗೊಂಡು ಬಾ" ಅಂದರೆ ಸೋಡಾ ತರಲು ಓಡಬೇಡಿ. "ಕಾಕಾ ಹೊಲದಿಂದ ಬರಲಿ, ಕೇಳಿ ಹೋಗೋಣು" ಎಂದು ಅಜ್ಜಿ ತಡೆದರೂ ನಿಲ್ಲಬೇಡಿ. ದವಾಖಾನೆಯ ದಾರಿಯಲ್ಲಿ ಹೋಗುವ ಹೊತ್ತಿಗಿಂತ ಪಡಸಾಲೆಯ ಚರ್ಚೆಯಲ್ಲಿ ಹೋಗುವ ಹೊತ್ತೇ ನಮ್ಮವರನ್ನು ಹೆಚ್ಚು ಕೊಲ್ಲುತ್ತಿದೆ ಎಂಬ ಸಂಕಟ ನನ್ನದು.

ಹೃದಯಕ್ಕೆ ರಕ್ತ ಒಯ್ಯುವ ನಾಳದ ಒಳಗೋಡೆಯಲ್ಲಿ ಕೊಬ್ಬು ಕೂತಿರುತ್ತದೆ. ಆ ಪದರು ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಮುಂದಿನ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತದೆ. ಕಾಲುವೆ ಕಟ್ಟಿ ಒಣಗಿದ ಕಬ್ಬಾದರೂ ನೀರು ಬಿಟ್ಟರೆ ಮತ್ತೆ ಚಿಗುರೀತು, ಸತ್ತ ಹೃದಯದ ಸ್ನಾಯು ಚಿಗುರುವುದಿಲ್ಲ.

ಹೃದಯಾಘಾತದ ಗುರುತುಗಳು ಇವು: ಎದೆಯ ನಡುವೆ ಹಿಂಡಿದಂತೆ, ಭಾರ ಹೇರಿದಂತೆ ನೋವು. ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು. ತಣ್ಣನೆ ಬೆವರು, ಏದುಸಿರು, ವಾಂತಿ. ಎಲ್ಲರಿಗೂ ಹೀಗೇ ಆಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ನೋವೇ ಕಾಣಿಸದೆ ಇರಬಹುದು. ಹೆಣ್ಣುಮಕ್ಕಳ ಮಾತನ್ನಂತೂ ಇನ್ನಷ್ಟು ಕಿವಿಗೊಟ್ಟು ಕೇಳಿ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ಬಿಟ್ಟು, "ಯಾಕೋ ಜೀವ ತಳಮಳ ಆಗಲಾಕತ್ತದ" ಎಂದು ಗೋಡೆಗೆ ಒರಗಿದರೆ, ಹಿಟ್ಟಿನ ಕೈಯಲ್ಲೇ ಹೊರಡಿಸಿ.

108ಕ್ಕೆ ಫೋನ್ ಮಾಡಿ, "ಎದೆನೋವು, ಬೆವರು" ಎಂದು ಮೊದಲೇ ಹೇಳಿ. ರೋಗಿಯನ್ನು ನಡೆಸಬೇಡಿ, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಒಯ್ಯಬೇಡಿ. ಆ್ಯಂಬುಲೆನ್ಸ್ ತಡವಾಗುವುದಾದರೆ ಓಣಿಯಲ್ಲಿ ಯಾರದಾದರೂ ಕಾರು ಕೇಳಿ. ಇಲ್ಲ ಅನ್ನುವವರು ನಮ್ಮಲ್ಲಿ ಕಡಿಮೆ. ಆಸ್ಪಿರಿನ್ 300 ಮಿಲಿಗ್ರಾಂ ಅಗಿದು ನುಂಗಿದರೆ ಉಪಕಾರವಿದೆ. ಆದರೆ ಅದು ಒಗ್ಗದವರಿಗೆ, ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಇದ್ದವರಿಗೆ ಕೊಡಬಾರದು, ಫೋನಿನಲ್ಲೇ ಕೇಳಿಕೊಳ್ಳಿ. ನಾಲಿಗೆಯ ಕೆಳಗಿಡುವ ಗುಳಿಗೆಯನ್ನು ವೈದ್ಯರು ಬರೆದುಕೊಡದೆ ಕೊಡಬೇಡಿ, ಬಿಪಿ ಧಡಕ್ಕನೆ ಇಳಿದುಬಿಡುತ್ತದೆ.

ಎಲ್ಲಿಗೆ ಒಯ್ಯಬೇಕು ಎಂಬಲ್ಲೇ ಮನೆಯವರು ಜಗಳಕ್ಕೆ ನಿಲ್ಲುತ್ತಾರೆ. ಒಬ್ಬರು ವಿಜಯಪುರ ಅನ್ನುತ್ತಾರೆ, ಇನ್ನೊಬ್ಬರು ಸೊಲ್ಲಾಪುರ, ಮತ್ತೊಬ್ಬರು ಕಲಬುರಗಿ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು, ನಮ್ಮ ಭಾಗಕ್ಕೆ ಅದು ದೊಡ್ಡ ಆಸರೆ. ಆದರೂ ಮೊದಲು ಹೋಗಬೇಕಾದ್ದು ಇಸಿಜಿ ತೆಗೆಯುವ, ಹತ್ತಿರದ ಆಸ್ಪತ್ರೆಗೆ. ನಟ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ, 46ನೇ ವಯಸ್ಸಿಗೇ ಹೋದಾಗ ಇಡೀ ನಾಡು ಅತ್ತಿತು. ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಕೂಡಲೇ ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಸಿಗುತ್ತದೆ. ಹೊರಗೆ ಅದಕ್ಕೆ ಸಾವಿರಾರು ರೂಪಾಯಿ. ನೋವು ಶುರುವಾದ ಮೊದಲ ಒಂದೆರಡು ತಾಸಿನಲ್ಲಿ ಅದರ ಗುಣ ಹೆಚ್ಚು, ಹೊತ್ತು ಕಳೆದಂತೆ ಕಡಿಮೆ. ಇಂಜೆಕ್ಷನ್ ಆದ ಮೇಲೆ ದೊಡ್ಡ ಊರಿಗೆ ಹೋಗಲೇಬೇಕು. ಸಿಂದಗಿ, ಇಂಡಿ ಆಸ್ಪತ್ರೆಗಳಲ್ಲಿ ಈ ಸೌಲಭ್ಯದ ಸ್ಥಿತಿ ಏನು, ರಾತ್ರಿಯೂ ಇಸಿಜಿ ತೆಗೆಯುತ್ತಾರೆಯೇ ಎಂದು ಎಲ್ಲರೂ ಗಟ್ಟಿಮುಟ್ಟಾಗಿರುವ ಈಗಲೇ ಹೋಗಿ ಕೇಳಿ ಬನ್ನಿ. ಮೊದಲ ಇಸಿಜಿ ಸರಿ ಇದೆ ಅಂದರೂ ನೋವು ನಿಲ್ಲದಿದ್ದರೆ ಮನೆಗೆ ಬರಬೇಡಿ, ಮತ್ತೊಮ್ಮೆ ತೆಗೆಯಲು ಹೇಳಿ.

ಮನುಷ್ಯ ಕುಸಿದು ಬಿದ್ದು, ಕರೆದರೂ ಓಗೊಡದೆ, ಉಸಿರಾಡದೆ ಇದ್ದರೆ ನೀರು ಚಿಮುಕಿಸುತ್ತ, ಈರುಳ್ಳಿ ಮೂಸಿಸುತ್ತ ಕೂರಬೇಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಟ್ಟನಡುವೆ ಅಂಗೈಯ ಬುಡ ಊರಿ, ಮೇಲೆ ಇನ್ನೊಂದು ಕೈ ಇಟ್ಟು, ಮೊಳಕೈ ಮಡಚದೆ, ಎರಡು ಇಂಚಿನಷ್ಟು ಕೆಳಗೆ ಒತ್ತಿ, ಪೂರ್ತಿ ಮೇಲೇಳಲು ಬಿಡಿ. ನಿಮಿಷಕ್ಕೆ 100ರಿಂದ 120 ಸಲ. ಬೇಗ ಕೈ ಸೋಲುತ್ತದೆ, ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಒತ್ತಲಿ. ಎಲುಬು ಮುರಿದೀತೆಂದು ಹೆದರಬೇಡಿ. ಮುರಿದ ಎಲುಬು ಕೂಡುತ್ತದೆ.

ಇನ್ನು ತಡೆಯುವ ಮಾತು. 2025ರಲ್ಲಿ ಹಾಸನದಿಂದ ಹರೆಯದವರ ಹೃದಯಾಘಾತದ ಸಾವಿನ ಸುದ್ದಿ ಸಾಲಾಗಿ ಬಂದಾಗ ಜನ ಗಾಬರಿಯಾಗಿ ಮೈಸೂರಿನ ಜಯದೇವದ ಮುಂದೆ ಪಾಳಿ ಹಚ್ಚಿದರು. ಗಾಬರಿ ನಾಲ್ಕು ದಿನದ್ದು. ನಿಮ್ಮ ಕಿಸೆಯಲ್ಲಿರುವ ಗುಟಖಾ ಚೀಟಿ ದಿನಾ ಇರುತ್ತದೆ, ಬೀಡಿ-ಸಿಗರೇಟು ದಿನಾ ಇರುತ್ತದೆ. ತಂಬಾಕು ಸೇದಿದರೂ ಅಗಿದರೂ ಹೃದಯಕ್ಕೆ ಕೇಡು. ಇದರಲ್ಲಿ ನನಗೆ ರಾಜಿ ಇಲ್ಲ. ರಾತ್ರಿ ಕರೆಂಟು ಬಂದಾಗ ಕಬ್ಬಿಗೆ ನೀರು ಹಾಯಿಸಿ ನಿದ್ದೆಗೆಡುವವರು ಹಗಲಾದರೂ ಮಲಗಿರಿ. ನಮ್ಮ ಜೋಳದ ರೊಟ್ಟಿ, ಕಾಳಿನ ಪಲ್ಲೆ ಒಳ್ಳೆಯ ಊಟವೇ; ಸಂಜೆಯ ಮಿರ್ಚಿ ಭಜಿ, ಉಪ್ಪಿನಕಾಯಿಯ ಉಪ್ಪು ಕಡಿಮೆಯಾಗಲಿ.

ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿಪಿ, ಸಕ್ಕರೆ ನೋಡಿಸಿ. ಸರ್ಕಾರಿ ದವಾಖಾನೆಯಲ್ಲಿ ದುಡ್ಡು ಕೇಳುವುದಿಲ್ಲ. "ಒಮ್ಮೆ ಗುಳಿಗೆ ಹಿಡಿದರೆ ಬಿಡಲಿಕ್ಕೆ ಬರೂದಿಲ್ಲ" ಎಂದು ಹಿರಿಯರು ಬಿಪಿ ಗುಳಿಗೆಯನ್ನು ಅರ್ಧಕ್ಕೆ ಬಿಡುತ್ತಾರೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ-ಅವ್ವನ ಗುಳಿಗೆ ಡಬ್ಬಿ ಈಚೆ ತೆಗೆದು, ಎಷ್ಟು ಉಳಿದಿವೆ ಎಣಿಸಿ ನೋಡಿ.