ಹಾಜರಿಯ ಲೆಕ್ಕ ಜೂನ್‌ನಲ್ಲೇ ಶುರು

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಕಾಲೇಜಿನ ಮೆಟ್ಟಿಲು ಹತ್ತಿದ ಮಗುವೇ, ಅಂಕದ ವಿಚಾರ ನಿನಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನೆಂಟರು, ನೆರೆಯವರು, ಟ್ಯೂಷನ್ನಿನವರು, ಬಸ್ಸಿನಲ್ಲಿ ಪಕ್ಕ ಕೂತವರು ಕೂಡ. ಹಾಜರಿಯ ವಿಚಾರ ಮಾತ್ರ ಯಾರೂ ಎತ್ತುವುದಿಲ್ಲ. ಎತ್ತುವ ಹೊತ್ತಿಗೆ ವರ್ಷ ಮುಗಿಯುತ್ತ ಬಂದು, ಕೊರತೆಯವರ ಪಟ್ಟಿ ನೋಟಿಸ್ ಬೋರ್ಡಿಗೆ ಏರಿರುತ್ತದೆ. ಪಿಯು ಕಾಲೇಜಿನಲ್ಲೇ ಪಾಠ ಮಾಡುತ್ತ ತಲೆ ನರೆಸಿಕೊಂಡವನು ನಾನು. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ.

ನಿಯಮ ಚಿಕ್ಕದು: ಪ್ರತಿ ವಿಷಯದಲ್ಲೂ ಶೇ. 75ರಷ್ಟು ಹಾಜರಿ ಇರಬೇಕು. 'ಪ್ರತಿ ವಿಷಯದಲ್ಲೂ' ಎಂಬುದು ಮಾತ್ರ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಹೈಸ್ಕೂಲಿನಲ್ಲಿ ಬೆಳಿಗ್ಗೆ ಹೆಸರು ಕೂಗಿ 'ಎಸ್ ಸಾರ್' ಅಂದರೆ ಆಯಿತು. ಇಲ್ಲಿ ಪೀರಿಯಡ್ಡಿಗೊಮ್ಮೆ ಹಾಜರಿ, ಒಬ್ಬೊಬ್ಬ ಲೆಕ್ಚರರ್ ಕೈಯಲ್ಲೂ ಒಂದೊಂದು ಪುಸ್ತಕ. ಭೌತಶಾಸ್ತ್ರವನ್ನೇ ತಗೋ. ವರ್ಷಕ್ಕೆ 120 ಗಂಟೆ ಥಿಯರಿ ಪಾಠ. ಅದರ ಕಾಲುಭಾಗ ಅಂದರೆ 30 ತರಗತಿ. ಕೇಳಿದರೆ ಧಾರಾಳ ಅನ್ನಿಸುತ್ತದೆ. ಆದರೆ ನಿಮ್ಮೂರಿನ ಬಸ್ಸು ವಾರಕ್ಕೆ ಎರಡು ದಿನ ತಡ ಮಾಡಿತು, ಆ ಎರಡೂ ದಿನ ಮೊದಲ ಪೀರಿಯಡ್ ಭೌತಶಾಸ್ತ್ರವೇ ಇತ್ತು ಎಂದಿಟ್ಟುಕೋ. 15 ವಾರಕ್ಕೆ ಆ 30 ಖಾಲಿ. ದಸರಾ ರಜೆ ಇನ್ನೂ ಬಂದಿರುವುದಿಲ್ಲ! ನೀನು ಒಂದು ದಿನವೂ ಮನೆಯಲ್ಲಿ ಕೂತವನಲ್ಲ, ಉಳಿದ ವಿಷಯಗಳ ಹಾಜರಿ ನೂರಕ್ಕೆ ನೂರು ಇದ್ದೀತು. ಆದರೂ ಭೌತಶಾಸ್ತ್ರದ ಇನ್ನೊಂದು ತರಗತಿ ತಪ್ಪಿತೋ, ಕೊರತೆಯ ಪಟ್ಟಿಯಲ್ಲಿ ನಿನ್ನ ಹೆಸರು. "ದಿನಾ ಕಳಿಸಿದ್ದೀನಲ್ಲ ಸಾರ್" ಅಂತ ಅಪ್ಪಂದಿರು ಪ್ರಿನ್ಸಿಪಾಲರ ಮುಂದೆ ನಿಂತು ಕಣ್ಣುಕಣ್ಣು ಬಿಡುವುದು ಇಂಥಾ ಲೆಕ್ಕಕ್ಕೇ.

ಪಟ್ಟಿಯಲ್ಲಿ ಹೆಸರಿದ್ದರೆ ಪರೀಕ್ಷೆ ಬರೆಯುವಂತಿಲ್ಲ; ಅದನ್ನು ತೆಗೆಸುವುದು ಪ್ರಿನ್ಸಿಪಾಲರ ಕೋಣೆಯಲ್ಲಿ ಅತ್ತರೆ ಆಗದ ಕೆಲಸ. ರಾಜಕೀಯದವರ ಕಡೆಯಿಂದ ಫೋನ್ ಮಾಡಿಸಿದವರನ್ನೂ ಕಂಡಿದ್ದೇನೆ. ಆಮೇಲೆ ತಂದ ಮೆಡಿಕಲ್ ಸರ್ಟಿಫಿಕೇಟೂ ನೀನು ನಂಬಿದಷ್ಟು ಕೈಹಿಡಿಯುವುದಿಲ್ಲ. ನನ್ನನ್ನು ಕೇಳಿದರೆ, ಉಳಿದ ಶೇ. 25ರೊಳಗೇ ಜ್ವರ, ಮದುವೆ, ಊರ ಜಾತ್ರೆ ಎಲ್ಲ ಮುಗಿಯಬೇಕು. ಇನ್ನು 2024ರಿಂದ ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿವೆಯಲ್ಲ, ಒಂದು ಹೋದರೆ ಇನ್ನೊಂದು ಎಂಬ ಧೈರ್ಯ ಹುಡುಗರಿಗೆ. ಅದು ಫೇಲಾದವರಿಗೆ, ಅಂಕ ಸಾಲದವರಿಗೆ ಮಾಡಿದ ವ್ಯವಸ್ಥೆ. ಹಾಜರಿ ಕಳೆದುಕೊಂಡ ಕಲಾ, ವಾಣಿಜ್ಯ ವಿಭಾಗದವರಿಗೆ ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯಾದರೂ ಉಂಟು. ವಿಜ್ಞಾನದವರಿಗೆ ಅದೂ ಇಲ್ಲ. 30 ಅಂಕದ ಪ್ರಾಕ್ಟಿಕಲ್ ಇರುವುದು ಲ್ಯಾಬಿನಲ್ಲಿ, ಮನೆಯಲ್ಲಿ ಕೂತು ಅದನ್ನು ಮಾಡಲಾಗದು.

ಸಿನಿಮಾಕ್ಕೆ ಹೋಗುವವರ ಚಿಂತೆ ನನಗಿಲ್ಲ. ಅವರು ಲೆಕ್ಕ ಇಟ್ಟುಕೊಂಡೇ ಬಂಕ್ ಮಾಡುತ್ತಾರೆ, ಕೊನೆಗೆ ಹೇಗೋ ದಡ ಸೇರುತ್ತಾರೆ. ಪಟ್ಟಿಯಲ್ಲಿ ಸಿಕ್ಕಿಬೀಳುವವರು ಬೇರೆ ಮಕ್ಕಳು. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಬಂತೆಂದು ವಿಜ್ಞಾನಕ್ಕೆ ಸೇರಿದ ಹುಡುಗಿಯನ್ನು ನೆನೆಸಿಕೋ. ಇಲ್ಲಿ ಎಲ್ಲವೂ ಇಂಗ್ಲಿಷ್. ನಿನ್ನೆಯವರೆಗೆ ದ್ಯುತಿಸಂಶ್ಲೇಷಣೆ ಅಂತ ಬರೆದವಳಿಗೆ ಫೋಟೋಸಿಂಥೆಸಿಸ್ ಅಂದರೆ ಅದೇ ಅಂತ ಹೇಳುವವರಿಲ್ಲ. ಮೊದಲು ಹಿಂದಿನ ಬೆಂಚು, ಆಮೇಲೆ ತಲೆನೋವು, ಆಮೇಲೆ ಗೈರು. ಬುದ್ಧಿ ಕಮ್ಮಿಯಾಗಿ ಅಲ್ಲ, ನಾಚಿಕೆಯಿಂದ. ನೀನು ಅಂಥವಳಾಗಿದ್ದರೆ ತರಗತಿಯಲ್ಲಿ ಎದ್ದು ಕೇಳಬೇಕಿಲ್ಲ. ಪಾಠ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗು. ಕನ್ನಡದಲ್ಲೇ ಕೇಳು, ಕನ್ನಡದಲ್ಲೇ ಹೇಳಿಕೊಡುತ್ತಾರೆ. ಹಾಗೆ ಕೇಳಲು ಬರುವ ಮಗುವನ್ನು ಯಾವ ಮೇಷ್ಟರೂ ಸುಲಭಕ್ಕೆ ಮರೆಯುವುದಿಲ್ಲ. ವಿಜ್ಞಾನ ನಿಜಕ್ಕೂ ಒಗ್ಗಲಿಲ್ಲವೋ, ವಿಭಾಗ ಬದಲಿಸುವ ಮಾತನ್ನು ಮೊದಲ ಕೆಲವು ವಾರಗಳಲ್ಲೇ ಎತ್ತು. ಅರ್ಧ ವರ್ಷ ಕಳೆದ ಮೇಲೆ ಆ ಬಾಗಿಲು ಮುಚ್ಚಿರುತ್ತದೆ.

ಇನ್ನು ದುಡ್ಡಿನ ತಾಪತ್ರಯ. ಮದುವೆ ಸೀಸನ್ನಿನಲ್ಲಿ ರಾತ್ರಿ ಬಡಿಸಲು ಹೋಗಿ ಬೆಳಿಗ್ಗೆ ಏಳಲಾಗದ ಹುಡುಗರು ಎಷ್ಟೋ. ದುಡಿಯುವುದು ತಪ್ಪಲ್ಲ, ಆದರೆ ನಿನಗೆ ಬರಬೇಕಾದ ಹಣವನ್ನು ಬಿಟ್ಟು ದುಡಿಯುವುದು ಪೆದ್ದುತನ. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅರ್ಜಿ ಸರಿಯಿದ್ದೂ ಹಣ ಬರದಿರುವುದು ಹೆಚ್ಚಾಗಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರದ ಕಾರಣಕ್ಕೆ. ಬ್ಯಾಂಕಿಗೆ ಹೋಗಿ ಅದನ್ನೊಮ್ಮೆ ನೋಡಿಸಿಕೊಂಡು ಬಾ. ದೂರದ ಹಳ್ಳಿಯಾದರೆ ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಅಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ ವಸತಿಗೆಂದೇ ವಿದ್ಯಾಸಿರಿ ಯೋಜನೆ ಬಂದದ್ದು: ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು ಇದನ್ನೆಲ್ಲ ಕರೆದು ಹೇಳುವುದಿಲ್ಲ, ಕೇಳಿದರೆ ಹೇಳುತ್ತಾರೆ. ಎರಡು ಸಲ ಕೇಳಬೇಕಾದೀತು, ಕೇಳು.

ಬಸ್ಸಿನದೂ ಹಾಗೆಯೇ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ, ಹುಡುಗರಿಗೆ ರಿಯಾಯಿತಿ ಪಾಸ್ ಇದೆ. ಬಸ್ಸು ಬರುವ ಹೊತ್ತೇ ಸರಿಯಿಲ್ಲವಾದರೆ ಆ ದಾರಿಯ ಮಕ್ಕಳೆಲ್ಲ ಸೇರಿ ಪ್ರಿನ್ಸಿಪಾಲರಿಂದ ಡಿಪೋ ಮ್ಯಾನೇಜರಿಗೆ ಪತ್ರ ಬರೆಸಿ. ಒಬ್ಬನ ದೂರಿಗಿಲ್ಲದ ತೂಕ ಕಾಲೇಜಿನ ಲೆಟರ್‌ಹೆಡ್ಡಿಗೆ ಇರುತ್ತದೆ. ಬಸ್ಸು ತಡವಾದ ದಿನ ಕ್ಯಾಂಟೀನಿನಲ್ಲಿ ಕೂರಬೇಡ. ಲೆಕ್ಚರರುಗಳಲ್ಲಿ ಸಿಡುಕರಿದ್ದಾರೆ, ಒಪ್ಪುತ್ತೇನೆ. ಹತ್ತು ನಿಮಿಷಕ್ಕೆ ಮಗುವನ್ನು ಬಾಗಿಲಲ್ಲಿ ನಿಲ್ಲಿಸುವುದು ದೊಡ್ಡಸ್ತಿಕೆಯೇನಲ್ಲ ಎಂಬುದೂ ನನ್ನ ಅಭಿಪ್ರಾಯ. ಆದರೂ ಬೈಸಿಕೊಂಡಾದರೂ ಒಳಗೆ ಹೋಗು.

ಗೈರಿನ ಕೆಲವು ಕಾರಣಗಳನ್ನು ಯಾರಿಗೂ ಹೇಳಲಾಗುವುದಿಲ್ಲ. ರಾತ್ರಿ ನಿದ್ದೆ ಬಾರದಿರುವುದು, ಏನೂ ಬೇಡ ಅನ್ನಿಸುವುದು, ಎಲ್ಲದಕ್ಕೂ ಹೆದರಿಕೆ. ಅದಕ್ಕೆ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಅದರ ಹಿಂದಿರುವುದು ನಮ್ಮ ನಿಮ್ಹಾನ್ಸ್. ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯಲ್ಲಿ ಮದುವೆಯ ಮಾತು ಎತ್ತಿ ಕಾಲೇಜು ಬಿಡಿಸುತ್ತಿದ್ದರೆ, ಯಾರಾದರೂ ಕೈಮಾಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಪಕ್ಕದ ಬೆಂಚಿನವಳು ಹೇಳದೆ ಕೇಳದೆ ವಾರಗಟ್ಟಲೆ ಬರದಿದ್ದರೆ ಅವಳ ಪರವಾಗಿ ನೀನೂ ಮಾಡಬಹುದು.

ಹಾಜರಿಯ ಹಾಗೆಯೇ ಮೊದಲೇ ನೋಡಿಕೊಳ್ಳಬೇಕಾದ್ದು ಇನ್ನೊಂದಿದೆ: ಅಂಗವೈಕಲ್ಯ ಇರುವ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ಪ್ರಮಾಣಪತ್ರದ ಜೊತೆ ಮೊದಲೇ ಅರ್ಜಿ ಕೊಟ್ಟಿರಬೇಕು, ಪರೀಕ್ಷೆಯ ಹಿಂದಿನ ದಿನ ಓಡಿದರೆ ಆಗದು.

ಈಗ ಒಂದು ಕೆಲಸ ಮಾಡು. ಪ್ರತಿ ತಿಂಗಳ ಕೊನೆಗೆ ಒಬ್ಬೊಬ್ಬ ಲೆಕ್ಚರರ್ ಹತ್ತಿರವೂ ಹೋಗಿ ನಿನ್ನ ಹಾಜರಿ ಎಷ್ಟಾಗಿದೆ ಎಂದು ಕೇಳಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೋ. ಯಾವುದಾದರೂ ವಿಷಯದಲ್ಲಿ 80ಕ್ಕಿಂತ ಕೆಳಗೆ ಇಳಿದಿದ್ದರೆ ಅದೇ ದಿನ ಕಾರಣದ ಸಮೇತ ಮನೆಯಲ್ಲಿ ಹೇಳು, ಮಾರನೆಯ ದಿನ ಕ್ಲಾಸ್ ಟೀಚರ್‌ಗೆ ಹೇಳು.