ಹಿಮದ ಓಡುದಾರಿಯಲ್ಲಿ

ಮಳೆಗಾಲದಲ್ಲಿ ಕೆಸರಾದ ಇಳಿಜಾರಿನಲ್ಲಿ ಸೈಕಲ್ ಸವಾರಿ ಮಾಡಿದವರೆಲ್ಲರಿಗೂ ಒಂದು ಸಂಗತಿ ತಿಳಿದಿರುತ್ತದೆ. ಬ್ರೇಕನ್ನು ಬಿಗಿಯಾಗಿ ಹಿಡಿದರೆ ಚಕ್ರ ನಿಲ್ಲುತ್ತದೆಯೇ ಹೊರತು ಸೈಕಲ್ ನಿಲ್ಲುವುದಿಲ್ಲ. ಅದು ಜಾರುತ್ತ ಮುಂದೆ ಸಾಗುತ್ತದೆ. ಬ್ರೇಕು ತಡೆಯುವುದು ಚಕ್ರವನ್ನು ಮಾತ್ರ. ವಾಹನವನ್ನು ನಿಲ್ಲಿಸುವುದು ಚಕ್ರಕ್ಕೂ ನೆಲಕ್ಕೂ ನಡುವಣ ಘರ್ಷಣೆ. ಐವತ್ತು ಟನ್ನಿಗೂ ಹೆಚ್ಚು ಭಾರದ ವಿಮಾನವು ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಹಿಮ ಮುಸುಕಿದ ಓಡುದಾರಿಗೆ ಇಳಿಯುವಾಗಲೂ ಇದೇ ನಿಯಮ ಅನ್ವಯಿಸುತ್ತದೆ.

ನೆಲ ಮುಟ್ಟಿದ ವಿಮಾನವನ್ನು ನಿಲ್ಲಿಸಲು ಮುಖ್ಯವಾಗಿ ಮೂರು ಸಾಧನಗಳಿವೆ. ಮೊದಲನೆಯದು, ರೆಕ್ಕೆಗಳ ಮೇಲೆ ಎದ್ದು ನಿಲ್ಲುವ ಫಲಕಗಳು. ಇವು ರೆಕ್ಕೆಗಳ ಎತ್ತುವ ಬಲವನ್ನು ಕುಗ್ಗಿಸಿ, ವಿಮಾನದ ಭಾರವು ಚಕ್ರಗಳ ಮೇಲೆ ಬೀಳುವಂತೆ ಮಾಡುತ್ತವೆ. ಎರಡನೆಯದು, ಚಕ್ರಗಳ ಬ್ರೇಕು. ಮೂರನೆಯದು, ಎಂಜಿನ್ನಿನಿಂದ ಹಿಂದಕ್ಕೆ ಚಿಮ್ಮುವ ಗಾಳಿಯನ್ನು ಮುಂದಕ್ಕೆ ತಿರುಗಿಸುವ ಹಿಮ್ಮುಖ ನೂಕುಸಾಧನ. ಒಣ ನೆಲದಲ್ಲಿ ಹೆಚ್ಚಿನ ಕೆಲಸವನ್ನು ಬ್ರೇಕೇ ಮಾಡುತ್ತದೆ. ಹಿಮದ ಮೇಲಾದರೋ ಬ್ರೇಕಿನ ಹಿಡಿತ ಸಡಿಲಗೊಳ್ಳುತ್ತದೆ. ನೂಕುಸಾಧನಕ್ಕೆ ನೆಲದ ಹಂಗಿಲ್ಲ. ಆದುದರಿಂದ ಒಣ ನೆಲದಲ್ಲಿ ಕೇವಲ ಸಹಾಯಕವಾಗಿದ್ದ ಈ ಸಾಧನವು ಹಿಮದಲ್ಲಿ ಪ್ರಾಣರಕ್ಷಕವಾಗುತ್ತದೆ. ಅದು ಕೈಕೊಟ್ಟರೆ, ಅಥವಾ ತಡವಾದರೆ, ಆಗುವ ನಷ್ಟವೂ ಅಷ್ಟೇ ದೊಡ್ಡದು.

ಈ ಮಾತಿಗೆ ಅಮೆರಿಕದ ಷಿಕಾಗೋ ನಗರದ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ 2005ರ ಡಿಸೆಂಬರ್ 8ರಂದು ನಡೆದ ದುರಂತವೇ ನಿದರ್ಶನ. ಅಂದು ಸಂಜೆ ಅಲ್ಲಿ ಹಿಮಪಾತವಾಗುತ್ತಿತ್ತು. 103 ಜನರನ್ನು ಹೊತ್ತ ಬೋಯಿಂಗ್ 737 ವಿಮಾನವೊಂದು ಇಳಿಯಲು ಅಣಿಯಾಯಿತು. ಇಳಿಯಲು ದೊರೆಯುತ್ತಿದ್ದ ಓಡುದಾರಿಯ ಉದ್ದ 5826 ಅಡಿ. ಹಿಂದಿನಿಂದ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿತ್ತು. ಬ್ರೇಕಿನ ಹಿಡಿತ ಸಾಧಾರಣವೆಂದೂ ತೀರ ಕಡಿಮೆಯೆಂದೂ ಮಿಶ್ರ ವರದಿಗಳು ಬಂದಿದ್ದವು. ಹಿಡಿತ ಕಡಿಮೆಯಿದ್ದರೂ ವಿಮಾನವು ಓಡುದಾರಿಯೊಳಗೇ ನಿಲ್ಲುವುದೆಂದು ಗಣಕಯಂತ್ರ ತೋರಿಸಿತು. ಆದರೆ ಆಗ ಉಳಿಯುತ್ತಿದ್ದ ಅಂತರ ಐವತ್ತು ಅಡಿಗೂ ಕಡಿಮೆ! ಅದೂ ಅಲ್ಲದೆ, ಆ ಲೆಕ್ಕದಲ್ಲಿ ಹಿಂಗಾಳಿಯ ಪೂರ್ಣ ವೇಗ ಸೇರಿರಲಿಲ್ಲ. ನೂಕುಸಾಧನದ ನೆರವು ಮಾತ್ರ ಮೊದಲೇ ಸೇರಿತ್ತು. ಇವೆರಡನ್ನೂ ವೈಮಾನಿಕರು ಅರಿತಿರಲಿಲ್ಲ.

ವಿಮಾನ ನೆಲ ಮುಟ್ಟಿತು. ತಾನಾಗಿಯೇ ಹಿಡಿಯುವ ಬ್ರೇಕನ್ನು ವೈಮಾನಿಕರು ಬಳಸಿದ್ದು ಅದೇ ಮೊದಲ ಬಾರಿ. ಅವರ ಗಮನವೆಲ್ಲ ಅದರ ಮೇಲೆಯೇ ಇತ್ತು. ನೂಕುಸಾಧನದ ಸನ್ನೆಯನ್ನು ಎಳೆಯಲು ಕಷ್ಟವಾಯಿತೆಂದು ಮುಖ್ಯ ವೈಮಾನಿಕರು ಅನಂತರ ತಿಳಿಸಿದರು. ಸಾಧನ ತೆರೆದಿಲ್ಲವೆಂಬುದನ್ನು ಸಹವೈಮಾನಿಕರು ಗಮನಿಸಿ, ತಾವೇ ಸನ್ನೆಯನ್ನೆಳೆದಾಗ ಅದು ತೆರೆಯಿತು. ಅಷ್ಟರಲ್ಲಿ 18 ಸೆಕೆಂಡುಗಳು ಕಳೆದುಹೋಗಿದ್ದವು. ವಿಮಾನವು ಓಡುದಾರಿಯ ಕೊನೆಯನ್ನು ದಾಟಿ, ಬೇಲಿಯನ್ನು ಮುರಿದು, ಹೊರಗಿನ ರಸ್ತೆಗೆ ನುಗ್ಗಿತು. ವಿಮಾನದಲ್ಲಿದ್ದವರೆಲ್ಲರೂ ಬದುಕಿದರು. ಆದರೆ ರಸ್ತೆಯಲ್ಲಿ ತನ್ನ ಮನೆಯವರೊಡನೆ ಕಾರಿನಲ್ಲಿ ಹೋಗುತ್ತಿದ್ದ ಆರು ವರ್ಷದ ಬಾಲಕನೊಬ್ಬ ಅಸುನೀಗಿದನು. ವಿಮಾನಕ್ಕೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ.

ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ನೂಕುಸಾಧನವನ್ನು ಸಕಾಲದಲ್ಲಿ ಬಳಸದೆ ಹೋದುದೇ ಅಪಘಾತದ ಮುಖ್ಯ ಕಾರಣವೆಂದು ಸಾರಿತು. ಹೊಸ ಬ್ರೇಕಿನ ಅಭ್ಯಾಸವಿಲ್ಲದಿದ್ದುದರಿಂದ ವೈಮಾನಿಕರ ಗಮನ ಚದುರಿತೆಂದೂ ಹೇಳಿತು. ಆದರೆ ಅದು ವೈಮಾನಿಕರನ್ನು ದೂರುವಷ್ಟಕ್ಕೇ ನಿಲ್ಲಲಿಲ್ಲ. ಲೆಕ್ಕದ ಕ್ರಮ, ತರಬೇತಿ, ಓಡುದಾರಿಯಾಚೆಗಿನ ಸ್ಥಳಾಭಾವ ಇವೆಲ್ಲವನ್ನೂ ಪರಿಶೀಲಿಸಿತು.

ಇದರಿಂದ ಒಳ್ಳೆಯ ಫಲಗಳು ದೊರೆತವು. ಇಳಿಯುವ ಮುನ್ನ ಆ ಹೊತ್ತಿನ ಗಾಳಿ ಹಾಗೂ ಹಿಮಕ್ಕೆ ತಕ್ಕಂತೆ ಲೆಕ್ಕ ಹಾಕಿ, ಬಂದ ದೂರಕ್ಕೆ ಇನ್ನೂ ಶೇಕಡಾ 15ರಷ್ಟನ್ನು ಸೇರಿಸಿಕೊಳ್ಳಬೇಕೆಂಬ ಸಲಹೆ 2006ರಲ್ಲಿ ಹೊರಟಿತು. ಮಿಡ್‌ವೇಯಲ್ಲಿ ಓಡುದಾರಿಗಳ ಕೊನೆಗೆ, ಚಕ್ರದ ಭಾರಕ್ಕೆ ಕುಸಿದು ವಿಮಾನವನ್ನು ಹಿಡಿದು ನಿಲ್ಲಿಸುವ ಹಗುರವಾದ ಕಾಂಕ್ರೀಟಿನ ಹಾಸುಗಳು ಬಂದವು. 'ಸಾಧಾರಣ', 'ಕಡಿಮೆ' ಎಂಬ ಅಸ್ಪಷ್ಟ ಮಾತುಗಳ ಜೊತೆಗೆ ಓಡುದಾರಿಯ ಸ್ಥಿತಿಯನ್ನು ಸೊನ್ನೆಯಿಂದ ಆರರವರೆಗಿನ ಅಂಕಿಗಳಲ್ಲಿ ತಿಳಿಸುವ ಪದ್ಧತಿ 2016ರಲ್ಲಿ ಅಮೆರಿಕದಲ್ಲಿಯೂ 2021ರಲ್ಲಿ ಅಂತರರಾಷ್ಟ್ರೀಯವಾಗಿಯೂ ಜಾರಿಗೆ ಬಂದಿತು.

ಯಂತ್ರಗಳು ಎಷ್ಟೇ ಉತ್ತಮವಾಗಿದ್ದರೂ ಒಮ್ಮೊಮ್ಮೆ ಕೈಕೊಡುತ್ತವೆ. ಮನುಷ್ಯನ ಕೈಯೂ ತಡವರಿಸುತ್ತದೆ. ಆದುದರಿಂದ ಸಾಧನವೊಂದು ಕೆಟ್ಟಿದೆಯೆಂದು ಆಕಾಶದಲ್ಲಿಯೇ ತಿಳಿದರೆ, ವಿವೇಕಿಯಾದ ವೈಮಾನಿಕನು ಅದಿಲ್ಲವೆಂದೇ ಲೆಕ್ಕ ಹಾಕುತ್ತಾನೆ. ದಾರಿ ಸಾಲದೆಂದು ಕಂಡರೆ ಉದ್ದದ ಓಡುದಾರಿಯುಳ್ಳ ಬೇರೆ ನಿಲ್ದಾಣಕ್ಕೆ ಹೋಗುತ್ತಾನೆ. ತಡವಾದುದಕ್ಕೆ ಪ್ರಯಾಣಿಕರು ಗೊಣಗಬಹುದು. ಆದರೆ ತಡವಾಗಿ ಮನೆ ಸೇರಿದವನು ಮನೆಯನ್ನಂತೂ ಸೇರುತ್ತಾನೆ. ಹಿಮದ ಮೇಲೆ ಇಳಿಯುವ ಕಲೆಯು ನೆಲದ ಮೇಲಲ್ಲ, ಆಕಾಶದಲ್ಲಿ ಮಾಡುವ ಈ ಲೆಕ್ಕದಲ್ಲಿಯೇ ಆರಂಭವಾಗುತ್ತದೆ.