ಉಳಿದ ಕಾಲಿನ ಮಂಡಿ

ಜೋಡೆತ್ತಿನ ಬಂಡಿಯಲ್ಲಿ ಒಂದು ಎತ್ತು ಸೊರಗಿದರೆ ನೊಗದ ಭಾರವೆಲ್ಲ ಇನ್ನೊಂದರ ಹೆಗಲಿಗೆ ಬೀಳುತ್ತದೆ. ಗಟ್ಟಿ ಎತ್ತೆಂದು ಅದನ್ನೇ ನಂಬಿ ದುಡಿಸಿದರೆ ಕ್ರಮೇಣ ಅದೂ ಕುಂಟತೊಡಗುತ್ತದೆ. ರಾಯಚೂರು ಸೀಮೆಯ ರೈತರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅಪಘಾತದಿಂದಲೋ ಸಕ್ಕರೆ ಕಾಯಿಲೆಯ ಹುಣ್ಣಿನಿಂದಲೋ ಒಂದು ಕಾಲನ್ನು ಕಳೆದುಕೊಂಡವರ ವಿಷಯದಲ್ಲಿ ನಾವು ಈ ಮಾತನ್ನು ಮರೆಯುತ್ತೇವೆ. ಗಾಯ ಮಾಯ್ದೊಡನೆ ಚಿಕಿತ್ಸೆ ಮುಗಿಯಿತೆಂದು ಭಾವಿಸುತ್ತೇವೆ. ಉಳಿದ ಕಾಲಿನ ಮಂಡಿಯನ್ನು ವಿಚಾರಿಸುವವರಿಲ್ಲ.

ಮಂಡಿಯಲ್ಲಿ ಮೂಳೆಗಳು ಸಂಧಿಸುವೆಡೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಅದರಲ್ಲಿ ರಕ್ತನಾಳಗಳಿಲ್ಲ, ಕೀಲಿನೊಳಗಿನ ದ್ರವವೇ ಅದಕ್ಕೆ ಮುಖ್ಯ ಆಹಾರ. ಹದವಾದ ಚಲನೆಯಿಂದ ಅದು ಪುಷ್ಟವಾಗಿರುತ್ತದೆ. ಸವೆದುಹೋದರೆ ಮೊದಲಿನಂತೆ ಮರಳಿ ಬೆಳೆಯದು. ಸಮನೆಲದಲ್ಲಿ ನಡೆಯುವಾಗಲೇ ಮಂಡಿಯ ಮೇಲೆ ದೇಹದ ತೂಕದ ಎರಡೂವರೆ ಮೂರರಷ್ಟು ಒತ್ತಡ ಬೀಳುತ್ತದೆ.

ಒಂದು ಕಾಲು ಹೋದಾಗ ಈ ಒತ್ತಡ ಹೆಚ್ಚುವುದೇಕೆ? ಕೃತಕ ಕಾಲನ್ನು ಪೂರ್ತಿ ನಂಬದ ಮನುಷ್ಯನು ಉಳಿದ ಕಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಾನೆ. ಸಹಜ ಪಾದದಂತೆ ಕೃತಕ ಪಾದವು ದೇಹವನ್ನು ಮುಂದಕ್ಕೆ ತಳ್ಳಲಾರದು. ಆದುದರಿಂದ ಪ್ರತಿ ಹೆಜ್ಜೆಯಲ್ಲೂ ದೇಹವು ಉಳಿದ ಕಾಲಿನ ಮೇಲೆ ಬಿರುಸಾಗಿ ಇಳಿಯುತ್ತದೆ. ಮನೆಯೊಳಗೆ ಕೃತಕ ಕಾಲನ್ನು ಕಳಚಿ ಕುಪ್ಪಳಿಸುವ ಅಭ್ಯಾಸವಿದ್ದರಂತೂ ಪೆಟ್ಟೆಲ್ಲ ಒಂದೇ ಮಂಡಿಗೆ. ಅಮೆರಿಕದ ಮಾಜಿ ಸೈನಿಕರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಂಡಿಯ ಮೇಲ್ಭಾಗದಲ್ಲಿ ಕಾಲು ಕಳೆದುಕೊಂಡವರ ಉಳಿದ ಮಂಡಿಯ ನೋವು ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಂಡುಬಂದಿತು. ಮಂಡಿಯ ಕೆಳಗೆ ಕತ್ತರಿಸಿದವರಲ್ಲಿ ಈ ವ್ಯತ್ಯಾಸ ಅಲ್ಪವಾಗಿತ್ತು.

ಮಾನ್ವಿಯ ಕಾಲುವೆ ನೀರಿನ ಗದ್ದೆಯ ಕೆಸರಿನಲ್ಲಿ, ದೇವದುರ್ಗದ ಎರೆಹೊಲದ ಬಿರುಕುಗಳಲ್ಲಿ ನಡೆಯುವವನಿಗೆ ಈ ಕಷ್ಟ ಇನ್ನೂ ಹೆಚ್ಚು. ಇಂತಹ ನೆಲಕ್ಕೆಂದೇ ಜಯಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ. ಕೆ. ಸೇಠಿಯವರು 1968ರ ಸುಮಾರಿಗೆ ರಬ್ಬರಿನ ‘ಜೈಪುರ ಪಾದ’ವನ್ನು ರೂಪಿಸಿದರು. ಅದನ್ನು ತೊಟ್ಟು ಬರಿಗಾಲಿನಲ್ಲಿಯೂ ನಡೆಯಬಹುದು, ನೆಲದ ಮೇಲೆಯೂ ಕುಳಿತುಕೊಳ್ಳಬಹುದು. ಆದರೆ ನೆಲದಿಂದ ಏಳುವಾಗ ಬಹುಪಾಲು ಭಾರವನ್ನು ಹೊರುವುದು ಉಳಿದ ಮಂಡಿಯೇ ಎಂಬುದನ್ನು ನೆನಪಿಡಬೇಕು.

ಹಾಗಾದರೆ ಮಾಡತಕ್ಕದ್ದೇನು? ಕೃತಕ ಕಾಲಿನ ಉದ್ದ ಸರಿಯಾಗಿರಬೇಕು. ಅದರ ಬಟ್ಟಲು ಸಡಿಲವಾದರೆ ಅಥವಾ ಒತ್ತಿದರೆ ತಡಮಾಡದೆ ಸರಿಪಡಿಸಿಕೊಳ್ಳಬೇಕು. ಅದನ್ನು ಕಳಚಿದಾಗ ಕುಪ್ಪಳಿಸದೆ ಊರುಗೋಲನ್ನು ಹಿಡಿಯಬೇಕು. ನೆಲಕ್ಕಿಂತ ಮಣೆ, ಮಣೆಗಿಂತ ಕುರ್ಚಿ ಲೇಸು. ಕುರ್ಚಿಯಲ್ಲಿ ಕುಳಿತು ಮಂಡಿಯನ್ನು ನೀಟಾಗಿ ಚಾಚಿ, ಕೆಲವು ಕ್ಷಣ ಹಿಡಿದು, ಮೆಲ್ಲನೆ ಇಳಿಸುವ ವ್ಯಾಯಾಮದಿಂದ ತೊಡೆಯ ಸ್ನಾಯು ಬಲಗೊಂಡು ಕೀಲಿಗೆ ಆಸರೆಯಾಗುತ್ತದೆ. ದೇಹದ ತೂಕ ಹೆಚ್ಚಿದ್ದರೆ ಇಳಿಸಬೇಕು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಹೊರೆ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ. ಸಕ್ಕರೆ ಕಾಯಿಲೆಯವರು ಉಳಿದ ಪಾದವನ್ನು ದಿನವೂ ಪರೀಕ್ಷಿಸಿಕೊಳ್ಳಬೇಕು.

ಮಂಡಿ ಊದಿಕೊಂಡರೆ, ಬೆಳಗಿನ ಬಿಗಿತ ದಿನೇ ದಿನೇ ಹೆಚ್ಚಿದರೆ, ನೋವಿನ ಮಾತ್ರೆಯನ್ನೇ ನಂಬಿ ದುಡಿಯುವುದು ತರವಲ್ಲ. ರಾಯಚೂರು ನಗರದ ರಿಮ್ಸ್ ಬೋಧಕ ಆಸ್ಪತ್ರೆಯಂಥ ಕಡೆ ಮೂಳೆ-ಕೀಲಿನ ವೈದ್ಯರಿಗೆ ತೋರಿಸುವುದೇ ವಿವೇಕ. ಹೋದ ಕಾಲಿಗೆ ಬದಲು ಕೃತಕ ಕಾಲನ್ನು ಕಟ್ಟಿಸಿಕೊಳ್ಳಬಹುದು. ಆದರೆ ಅದನ್ನು ತೊಟ್ಟು ನಡೆಯುವುದಕ್ಕೂ ಉಳಿದ ಕಾಲೇ ಆಧಾರ. ಅದು ಚೆನ್ನಾಗಿರುವಾಗಲೇ ನಾವು ಅದರ ಯೋಗಕ್ಷೇಮವನ್ನು ವಿಚಾರಿಸಬೇಕು.